10,000 ಅಡಿ ಎತ್ತರದಲ್ಲಿ ಆರ್‌ವಿ (ವಾಸದ ಟ್ರೇಲರ್) ಫ್ರಿಜ್‌ನ ಗ್ಯಾಸ್ ಉರಿ ಆರಿಹೋಗುತ್ತಿದೆ, ಅತ್ತೆಯವರ ಇನ್ಸುಲಿನ್ ಒಳಗಿದೆ, ದಯವಿಟ್ಟು ಹೇಳಿ

ಹಾಸನ_ಡಾಲಸ್ | ಜುಲೈ 11, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾವು ಕೊಲೊರಾಡೊದ ಲೆಡ್‌ವಿಲ್ ಹತ್ತಿರ ಕಾಡಿನೊಳಗಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ಇಳಿದಿದ್ದೇವೆ. ಎತ್ತರ ಹೆಚ್ಚುಕಮ್ಮಿ 10,000 ಅಡಿ. ಕರೆಂಟ್ ಹುಕಪ್ ಇಲ್ಲ. ಟ್ರೇಲರ್ ನಮ್ಮದೇ, ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಫ್ರಿಜ್ ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ಓಡುವ ಹಳೆ ಮಾದರಿಯದು.

ಡಾಲಸ್‌ನಿಂದ ಹೊರಟು ಮೊದಲ ರಾತ್ರಿ ಅಮರಿಲ್ಲೊದಲ್ಲಿ ತಂಗಿದ್ದೆವು. ಅಲ್ಲಿ 3,600 ಅಡಿ. ಗ್ಯಾಸ್‌ನಲ್ಲಿ ಚೆನ್ನಾಗಿ ಓಡಿತು, ಮೊಸರು ಗಟ್ಟಿಯಾಗಿ ಕೂತಿತ್ತು. ಇಲ್ಲಿಗೆ ಬಂದ ಮೊದಲ ರಾತ್ರಿಯೇ ತೊಂದರೆ ಶುರುವಾಯಿತು. ಮಲಗುವಾಗ ಹಸಿರು ದೀಪ ಉರಿಯುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ "ಚೆಕ್" ದೀಪ. ಒಳಗೆ 12 ಡಿಗ್ರಿ ಸೆಲ್ಸಿಯಸ್. ಮತ್ತೆ ಆನ್ ಮಾಡಿದರೆ ಟಿಕ್ ಟಿಕ್ ಅಂತ ಕಿಡಿ ಹಾರುತ್ತದೆ, ಉರಿ ಹತ್ತುತ್ತದೆ, ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಆರಿಹೋಗುತ್ತದೆ. ಸಿಲಿಂಡರ್ ತುಂಬಿದೆ. ಅಡುಗೆ ಒಲೆ ಉರಿಯುತ್ತದೆ, ಹೀಟರ್ ಕೂಡ ಓಡುತ್ತದೆ.

ಹಾಲು, ದೋಸೆ ಹಿಟ್ಟು ಹೋದರೆ ಹೋಗಲಿ. ಹಾಸನದಿಂದ ಅತ್ತೆ ಬಂದಿದ್ದಾರೆ, ಅವರ ಎರಡು ತಿಂಗಳ ಇನ್ಸುಲಿನ್ ಇದೇ ಫ್ರಿಜ್‌ನಲ್ಲಿದೆ. ನನಗೆ ಅದೇ ಚಿಂತೆ. ಫ್ರಿಜ್ ಕೆಟ್ಟಿದೆಯಾ? ದಾರಿಯಲ್ಲಿ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ನೋಡದೆಯೇ "ಕೂಲಿಂಗ್ ಯೂನಿಟ್ ಹೋಗಿದೆ, ಹೊಸ ಫ್ರಿಜ್ ಹಾಕಿಸಿ" ಅಂದರು. ಈಗ ಊರಿಗೆ ಬಂದು ಕಾಫಿ ಅಂಗಡಿಯ ವೈಫೈನಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದವರೆಗೆ ಇಲ್ಲೇ ಇರುತ್ತೇನೆ.

ಬೆಟ್ಟದ_ದಾರಿ | ಜುಲೈ 11, ಬೆಳಿಗ್ಗೆ 8:31

ಗಾಬರಿ ಆಗಬೇಡಿ. ನಾನು ಡೆನ್ವರ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಪ್ರತಿ ಬೇಸಿಗೆ ಕೆಳಗಿನ ರಾಜ್ಯಗಳಿಂದ ಬರುವವರಲ್ಲಿ ಇದೇ ದೂರು ಕೇಳುತ್ತೇನೆ. ಅಂಗಡಿಯವರು ಫೋನಿನಲ್ಲೇ ಹೇಳಿದ್ದನ್ನು ನಂಬಿ ಹೊಸ ಫ್ರಿಜ್ ತಗೋಬೇಡಿ. ಅಮರಿಲ್ಲೊದಲ್ಲಿ ಮೊಸರು ಗಟ್ಟಿ ಇತ್ತು ಅಂದರೆ ನಿಮ್ಮ ಕೂಲಿಂಗ್ ಯೂನಿಟ್ ಬಹುಶಃ ಸರಿಯಾಗಿಯೇ ಇದೆ. ತೊಂದರೆ ಇರುವುದು ಅದರ ಕೆಳಗಿನ ಉರಿಯಲ್ಲಿ.

ಮೊದಲು ಇನ್ಸುಲಿನ್ ವಿಷಯ. ಇನ್ನೂ ತೆರೆಯದ ಬಾಟಲಿ, ಪೆನ್ನುಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಈಗಲೇ ಒಂದು ಐಸ್ ಪೆಟ್ಟಿಗೆ ಮತ್ತು ಐಸ್ ತಗೊಳ್ಳಿ. ಇನ್ಸುಲಿನ್ ಐಸಿಗೆ ತಾಗಬಾರದು, ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಟವೆಲ್‌ನಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಈಗ ಬಳಸುತ್ತಿರುವ ಪೆನ್ ಹೊರಗಿದ್ದರೂ ನಡೆಯುತ್ತದೆ, ಬಹಳಷ್ಟು ಬಗೆಯವು ತೆರೆದ ಮೇಲೆ ಸುಮಾರು 28 ದಿನ ಕೋಣೆಯ ಬಿಸಿಯಲ್ಲಿ ಇರಬಹುದು. ಆದರೂ ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ. ರಾತ್ರಿ 12 ಡಿಗ್ರಿಯಲ್ಲಿ ಇದ್ದವುಗಳ ಬಗ್ಗೆ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಹತ್ತಿರ ಒಂದು ಮಾತು ಕೇಳಿಬಿಡಿ. ಇದನ್ನು ನಾವು ಇಲ್ಲಿ ಕೂತು ಹೇಳುವುದು ಸರಿಯಲ್ಲ.

ಎರಡನೆಯದು, ಜನರೇಟರ್ ಇದೆಯಾ? ಇದ್ದರೆ ಕ್ಯಾಂಪ್‌ಗ್ರೌಂಡ್ ಅನುಮತಿ ಕೊಡುವ ಸಮಯದಲ್ಲಿ ಹಾಕಿ, ಫ್ರಿಜ್ ಅನ್ನು ಕರೆಂಟಿಗೆ ತಿರುಗಿಸಿ. ಕರೆಂಟಿನಲ್ಲಿ ಉರಿಯೇ ಬೇಡ, ಒಳಗಿನ ಹೀಟರ್ ಕಡ್ಡಿ ಕೆಲಸ ಮಾಡುತ್ತದೆ. ಎತ್ತರ ಎಷ್ಟಿದ್ದರೂ ಅದಕ್ಕೆ ವ್ಯತ್ಯಾಸ ಇಲ್ಲ. ಕರೆಂಟಿನಲ್ಲಿ ತಣ್ಣಗಾದರೆ ಫ್ರಿಜ್ ಕೆಟ್ಟಿಲ್ಲ ಅನ್ನುವುದೂ ಖಚಿತವಾಗುತ್ತದೆ.

ಹಾಸನ_ಡಾಲಸ್ | ಜುಲೈ 11, ಬೆಳಿಗ್ಗೆ 8:44

ತುಂಬಾ ಥ್ಯಾಂಕ್ಸ್ ಸರ್. ಜನರೇಟರ್ ಇದೆ, 2,000 ವ್ಯಾಟ್‌ದು. ಐಸ್ ತರಲು ಹೊರಟೆ. ಫಾರ್ಮಸಿಗೂ ಹೋಗುತ್ತೇನೆ.

ಆದರೆ ಒಂದು ಅರ್ಥ ಆಗಲಿಲ್ಲ. ಅದೇ ಗ್ಯಾಸಿನಲ್ಲಿ ಅಡುಗೆ ಒಲೆ ಉರಿಯುತ್ತದಲ್ಲಾ? ಫ್ರಿಜ್ ಒಂದಕ್ಕೆ ಏನು ಕಷ್ಟ?

ಉರಿ_ನೀಲಿಯಿರಲಿ | ಜುಲೈ 11, ಬೆಳಿಗ್ಗೆ 9:20

ಒಳ್ಳೆಯ ಪ್ರಶ್ನೆ. ನಾನು ಗ್ಯಾಸ್ ಉಪಕರಣಗಳ ಕೆಲಸದಲ್ಲೇ ಇರುವವನು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಇದು ತಿಳಿದರೆ ಮುಂದೆ ಯಾವ ಬೆಟ್ಟಕ್ಕೆ ಹೋದರೂ ನಿಮಗೇ ಗೊತ್ತಾಗುತ್ತದೆ.

ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. ಓಡುವ ಭಾಗವೇ ಇಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಕೆಳಗೆ ಒಂದು ಸಣ್ಣ ಉರಿ. ಆ ಬಿಸಿಗೆ ನೀರಿನಲ್ಲಿ ಕರಗಿದ ಅಮೋನಿಯಾ ಕುದಿದು ಬೇರೆಯಾಗಿ ಮೇಲಕ್ಕೆ ಏರುತ್ತದೆ. ಹಿಂದಿನ ರೆಕ್ಕೆಗಳಲ್ಲಿ ತಣಿದು ದ್ರವವಾಗುತ್ತದೆ. ಫ್ರಿಜ್ ಒಳಗೆ ಹೈಡ್ರೋಜನ್ ಜೊತೆ ಸೇರಿದಾಗ ಮತ್ತೆ ಆವಿಯಾಗುತ್ತದೆ, ಆಗ ನಿಮ್ಮ ಮೊಸರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ನೀರು ಅದನ್ನು ಹೀರಿ ವಾಪಸ್ ಕೆಳಗೆ ತರುತ್ತದೆ. ಸ್ವೀಡನ್‌ನ ಬಾಲ್ಟ್‌ಸಾರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ, ಇನ್ನೂ ವಿದ್ಯಾರ್ಥಿಗಳಾಗಿದ್ದಾಗಲೇ ಇದನ್ನು ಕಂಡುಹಿಡಿದರು. 1925ರಲ್ಲಿ ಎಲೆಕ್ಟ್ರೊಲಕ್ಸ್ ಕಂಪನಿಯ ಕೈಗೆ ಬಂತು. ನೂರು ವರ್ಷವಾದರೂ ಮೂಲ ವಿನ್ಯಾಸ ಅದೇ. ನನಗೆ ಇವತ್ತಿಗೂ ಇದು ಆಶ್ಚರ್ಯ ಹುಟ್ಟಿಸುವ ಯಂತ್ರ.

ಈ ಕೊಳವೆ ಪೂರ್ತಿ ಮುಚ್ಚಿದೆ. ಹೊರಗಿನ ಗಾಳಿಯ ಒತ್ತಡ ಕಮ್ಮಿಯಾದರೂ ಒಳಗಿನ ಅಮೋನಿಯಾಕ್ಕೆ ಅದು ಗೊತ್ತೇ ಆಗುವುದಿಲ್ಲ. ಎತ್ತರ ತಟ್ಟುವುದು ಕೆಳಗಿನ ಉರಿಗೆ.

ಗ್ಯಾಸ್ ರೆಗ್ಯುಲೇಟರ್ 11 ಇಂಚು ನೀರಿನ ಕಂಬದಷ್ಟು ಒತ್ತಡ ಕೊಡುತ್ತದೆ. ಅದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಹಾಗಾಗಿ ಬೆಟ್ಟದ ಮೇಲೂ ಗ್ಯಾಸಿಗೆ ಅದೇ 11 ಇಂಚಿನ ತಳ್ಳು ಸಿಗುತ್ತದೆ. ಗಾಳಿ ಮಾತ್ರ ತೆಳ್ಳಗಾಗಿರುತ್ತದೆ. 5,500 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 85%. ನೀವಿರುವ 10,000 ಅಡಿಯಲ್ಲಿ ಸುಮಾರು 74%. ಗ್ಯಾಸ್ ಸ್ವಲ್ಪ ಇಳಿಯುತ್ತದೆ, ಗಾಳಿ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಚಿಮಣಿಯ ಎಳೆತವೂ ಕುಗ್ಗುತ್ತದೆ. ಉರಿಗೆ ಉಸಿರು ಸಾಲುವುದಿಲ್ಲ. ಹಳದಿಯಾಗುತ್ತದೆ, ಮೆತ್ತಗಾಗುತ್ತದೆ, ಅಲ್ಲಾಡುತ್ತದೆ. ಉರಿ ಇದೆಯೋ ಇಲ್ಲವೋ ಅಂತ ನೋಡುವ ಕಡ್ಡಿಗೆ ಬಿಸಿ ಸಾಲದಿದ್ದರೆ ಅದು ಗ್ಯಾಸ್ ಮುಚ್ಚಿಬಿಡುತ್ತದೆ. ಕೆಲವು ಸಲ ಮತ್ತೆ ಹೊತ್ತಿಸಲು ನೋಡಿ, ಆಗದಿದ್ದರೆ ಫ್ರಿಜ್‌ನ ಕಂಟ್ರೋಲ್ ಬೋರ್ಡ್ ಸುಮ್ಮನಾಗುತ್ತದೆ. ನಿಮ್ಮ "ಚೆಕ್" ದೀಪ ಅದೇ.

ಈಗ ಒಲೆಯ ವಿಷಯ. ಅಡುಗೆ ಒಲೆಯ ಉರಿ ದೊಡ್ಡದು, ಸುತ್ತಲೂ ತೆರೆದ ಗಾಳಿ, ಆರಿದರೆ ನೀವೇ ಕಣ್ಣಾರೆ ನೋಡಿ ಹೊತ್ತಿಸುತ್ತೀರಿ. ಹೀಟರ್‌ಗೆ ಗಾಳಿ ತಳ್ಳುವ ಫ್ಯಾನ್ ಇದೆ. ಫ್ರಿಜ್ ಉರಿ ಮೇಣದಬತ್ತಿಯಷ್ಟು ಚಿಕ್ಕದು, ಮಧ್ಯಮ ಗಾತ್ರದ ಫ್ರಿಜ್‌ನಲ್ಲಿ ಗಂಟೆಗೆ ಸುಮಾರು 1,500 ಬಿಟಿಯು (ಬಿಸಿಯ ಅಳತೆ). ಕಿರಿದಾದ ಚಿಮಣಿಯ ಬುಡದಲ್ಲಿ, ಫ್ಯಾನ್ ಇಲ್ಲದೆ, ದಿನವಿಡೀ ತಾನೇ ಉರಿಯಬೇಕು. ಮೂರರಲ್ಲಿ ಮೊದಲು ಸೋಲುವುದು ಅದೇ.

ಆರ್‌ವಿ ಫ್ರಿಜ್ ಕಂಪನಿ ನಾರ್‌ಕೋಲ್ಡ್‌ನ ಕೈಪಿಡಿಯಲ್ಲಿ ಇದನ್ನು ಬರೆದೇ ಇದ್ದಾರೆ: 5,500 ಅಡಿ ಮೇಲೆ ಗ್ಯಾಸಿನಲ್ಲಿ ತಂಪು ಕಮ್ಮಿಯಾಗಬಹುದು, ಬರ್ನರ್ ಆರಬಹುದು, ಕರೆಂಟಿನಲ್ಲಿ ಓಡಿಸಿ ಅಂತ. ಡೆನ್ವರ್ ಊರೇ 5,280 ಅಡಿ. ಅಂದರೆ ಕೊಲೊರಾಡೊದ ರಾಕೀಸ್ ಬೆಟ್ಟಗಳಲ್ಲಿ ಟ್ರೇಲರ್ ನಿಲ್ಲಿಸಿದರೆ ಬಹುತೇಕ ಕಡೆ ನೀವು ಆ ಗೆರೆ ದಾಟಿಯೇ ಇರುತ್ತೀರಿ.

ದಾರಿಹೋಕ_ಫೀನಿಕ್ಸ್ | ಜುಲೈ 11, ಬೆಳಿಗ್ಗೆ 10:02

ನನ್ನ ಗೆಳೆಯರೊಬ್ಬರು ರೆಗ್ಯುಲೇಟರ್ ತಿರುಪು ತಿರುಗಿಸಿ ಒತ್ತಡ ಏರಿಸಿಕೊಂಡಿದ್ದರು. ಉರಿ ದೊಡ್ಡದಾಯಿತು, ಆರಲಿಲ್ಲ ಅಂದರು. ಇವರೂ ಹಾಗೆ ಮಾಡಬಹುದಲ್ವಾ?

ಉರಿ_ನೀಲಿಯಿರಲಿ | ಜುಲೈ 11, ಬೆಳಿಗ್ಗೆ 10:15

ದಯವಿಟ್ಟು ಬೇಡ. ಕೈಮುಗಿದು ಕೇಳುತ್ತೇನೆ.

ಗಾಳಿ ಕಮ್ಮಿ ಇರುವ ಕಡೆ ಗ್ಯಾಸ್ ಜಾಸ್ತಿ ಬಿಟ್ಟರೆ ಆಗುವುದು ಏನು? ಉರಿ ದೊಡ್ಡದಾಗಿ ಕಾಣುತ್ತದೆ, ಆದರೆ ಅರೆಬರೆ ಸುಡುತ್ತದೆ. ಚಿಮಣಿ ತುಂಬ ಮಸಿ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ. ಆ ರೆಗ್ಯುಲೇಟರ್ ಫ್ರಿಜ್ ಒಂದಕ್ಕೇ ಅಲ್ಲ, ಒಲೆ, ಹೀಟರ್, ನೀರು ಕಾಯಿಸುವ ಗೀಸರ್ ಎಲ್ಲಕ್ಕೂ ಅದೇ. ಎಲ್ಲದರ ಉರಿಯೂ ಕೆಡುತ್ತದೆ. ಮಕ್ಕಳು ಮಲಗುವ ಗಾಡಿ ಅದು.

ಅಮೆರಿಕದಲ್ಲಿ ಮನೆಯ ಗ್ಯಾಸ್ ಉಪಕರಣಗಳಿಗೆ ಒಂದು ಲೆಕ್ಕ ಇದೆ. 2,000 ಅಡಿ ದಾಟಿದ ಕಡೆ, ಸಮುದ್ರಮಟ್ಟದಿಂದ ಪ್ರತಿ 1,000 ಅಡಿಗೆ 4% ಉರಿ ಕಮ್ಮಿ ಮಾಡಬೇಕು. ಎತ್ತರಕ್ಕೆ ಹೋದಂತೆ ಗ್ಯಾಸ್ ಇಳಿಸಬೇಕೇ ಹೊರತು ಏರಿಸುವಂತಿಲ್ಲ.

ಹಾಗಾದರೆ ಸಣ್ಣ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು) ಹಾಕೋಣವೇ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇಲ್ಲೇ ವಾಸ ಇರುವ ಕೆಲವರು ಹಾಕಿಸಿದ್ದನ್ನು ನೋಡಿದ್ದೇನೆ. ಉರಿ ಶುದ್ಧವಾಗುತ್ತದೆ, ನಿಜ. ಆದರೆ ಬಿಸಿ ಕಮ್ಮಿ, ಹಾಗಾಗಿ ತಂಪೂ ಕಮ್ಮಿ. ಅದೇ ಗಾಡಿ ಡಾಲಸ್‌ಗೆ ವಾಪಸ್ ಹೋಗಿ ಆಗಸ್ಟ್ ಬಿಸಿಲಿಗೆ ನಿಂತರೆ ಫ್ರಿಜ್ ಕೈಕೊಡುತ್ತದೆ. ವರ್ಷಕ್ಕೆ ಹತ್ತು ದಿನ ಬೆಟ್ಟ ಹತ್ತುವವರಿಗೆ ಅದು ಸಲ್ಲದು. ಕಂಪನಿ ಹೇಳದ ಜೆಟ್ ಹಾಕುವುದಂತೂ ಬೇಡವೇ ಬೇಡ.

ದಾರಿಹೋಕ_ಫೀನಿಕ್ಸ್ | ಜುಲೈ 11, ಬೆಳಿಗ್ಗೆ 10:21

ಅರ್ಥವಾಯಿತು. ಗೆಳೆಯರಿಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ. ಅವರ ತಿರುಪು ಇನ್ನೂ ಹಾಗೇ ಇದೆ.

ಬೆಟ್ಟದ_ದಾರಿ | ಜುಲೈ 11, ಬೆಳಿಗ್ಗೆ 10:30

ಅದನ್ನು ಬಲ್ಲವರ ಹತ್ತಿರ ಮ್ಯಾನೊಮೀಟರ್ (ಒತ್ತಡ ಅಳೆಯುವ ಸಾಧನ) ಇಟ್ಟು 11 ಇಂಚಿಗೆ ತರಿಸಲು ಹೇಳಿ. ಅಂದಾಜಿನಲ್ಲಿ ಹಿಂದಕ್ಕೆ ತಿರುಗಿಸುವುದೂ ಬೇಡ.

ಮೂಡಿಗೆರೆ_ಮಳೆ | ಜುಲೈ 11, ಬೆಳಿಗ್ಗೆ 11:05

ಇದನ್ನು ಓದುತ್ತಾ ನನಗೆ ಅಜ್ಜನ ಮನೆ ನೆನಪಾಯಿತು. ಕಾಫಿ ತೋಟದ ಮನೆ, ಕರೆಂಟ್ ಇರಲಿಲ್ಲ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಸೀಮೆಎಣ್ಣೆ ಫ್ರಿಜ್ ಇತ್ತು. ಕೆಳಗೆ ಎಣ್ಣೆಯ ತೊಟ್ಟಿ, ಬತ್ತಿ, ಅದರ ಮೇಲೆ ಚಿಮಣಿ. ಬಗ್ಗಿ ಉರಿ ನೋಡಲು ಪುಟ್ಟ ಕನ್ನಡಿಯೂ ಇತ್ತು. ಬೆಂಕಿ ಹಚ್ಚಿದರೆ ಐಸ್ ಆಗುತ್ತದೆ ಅಂತ ನಾವು ಮಕ್ಕಳೆಲ್ಲ ಬಾಯಿಬಿಟ್ಟು ನೋಡುತ್ತಿದ್ದೆವು.

ಅಜ್ಜಿ ವಾರಕ್ಕೊಮ್ಮೆ ಬತ್ತಿ ಕತ್ತರಿಸಿ ಸಮ ಮಾಡುತ್ತಿದ್ದರು, ಚಿಮಣಿಯ ಮಸಿ ತೆಗೆಯುತ್ತಿದ್ದರು. ಉರಿ ನೀಲಿ ಇರಬೇಕು, ಹಳದಿ ಬಂದರೆ ಸಂಜೆಗೆ ಹಾಲು ಒಡೆಯುತ್ತದೆ ಅನ್ನುತ್ತಿದ್ದರು. ನೀವು ಹೇಳುತ್ತಿರುವುದೂ ಅದೇ ತಾನೇ? ಅಣ್ಣಾ, ಹಾಸನದವರೇ, ನೀವು ಉರಿಯನ್ನು ಒಮ್ಮೆಯಾದರೂ ಕಣ್ಣಲ್ಲಿ ನೋಡಿದ್ದೀರಾ? ಹೊರಗಿನ ಗೋಡೆಯಲ್ಲಿ ಜಾಲರಿ ಬಾಗಿಲು ಇರುತ್ತದಲ್ಲ, ಅದನ್ನು ತೆಗೆದು ನೋಡಿ. ಕನ್ನಡಿ ಇಲ್ಲದಿದ್ದರೆ ಫೋನಿನಲ್ಲಿ ವಿಡಿಯೊ ತೆಗೆದರೂ ಆಯಿತು.

ಉರಿ_ನೀಲಿಯಿರಲಿ | ಜುಲೈ 11, ಬೆಳಿಗ್ಗೆ 11:12

ಅಕ್ಕಾ, ನಿಮ್ಮ ಅಜ್ಜಿ ಮಾಡುತ್ತಿದ್ದುದೇ ಸರಿಯಾದ ಸರ್ವಿಸ್. ಅದೂ ಇದೇ ಅಮೋನಿಯಾ ಫ್ರಿಜ್, ಉರಿ ಮಾತ್ರ ಬೇರೆ.

ಹಾಸನದವರಿಗೆ: ನೋಡುವ ಮುಂಚೆ ಇದನ್ನು ಓದಿ. ಫ್ರಿಜ್ ಆಫ್ ಮಾಡಿ, ಸಿಲಿಂಡರ್ ವಾಲ್ವ್ ಮುಚ್ಚಿ, ಅರ್ಧ ಗಂಟೆ ತಣಿಯಲು ಬಿಡಿ. ಜಾಲರಿ ಬಾಗಿಲು ತೆಗೆದರೆ ಬರ್ನರ್ ಮೇಲೆ ಸಣ್ಣ ತಗಡಿನ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿ. ಬರ್ನರ್ ಅಂದರೆ ಸೀಳುಗಳಿರುವ ಚಿಕ್ಕ ಕೊಳವೆ. ಅದರ ಮೇಲೆ ತುಕ್ಕಿನ ಪುಡಿ, ಮಸಿ ಬಿದ್ದಿದೆಯಾ ನೋಡಿ. ಟ್ರೇಲರ್ ಬೆಟ್ಟದ ರಸ್ತೆಯಲ್ಲಿ ಕುಲುಕುವಾಗ ಚಿಮಣಿಯಿಂದ ಅದೇ ಉದುರುತ್ತದೆ. ಜೇಡರ ಬಲೆ ಇದೆಯಾ ನೋಡಿ, ಗಾಳಿ ಎಳೆಯುವ ತೂತಿನಲ್ಲಿ ಜೇಡ ಗೂಡು ಕಟ್ಟುವುದು ಬಹಳ ಸಾಮಾನ್ಯ. ಮೆತ್ತನೆಯ ಬ್ರಷ್‌ನಲ್ಲಿ ಒರೆಸಿ ತೆಗೆಯಿರಿ.

ಗ್ಯಾಸ್ ಕೊಳವೆಯ ನಟ್ಟು ಬಿಚ್ಚಬೇಡಿ. ಜೆಟ್ ಒಳಗೆ ಪಿನ್ನು, ಸೂಜಿ ಏನನ್ನೂ ಹಾಕಬೇಡಿ. ಅದರ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ತಪ್ಪುತ್ತದೆ. ಜೆಟ್ ತೆಗೆದು ಆಲ್ಕೋಹಾಲ್‌ನಲ್ಲಿ ನೆನೆಸಿ ಒಣಗಿಸುವುದು, ಚಿಮಣಿಯೊಳಗಿನ ಸುರುಳಿ ತಗಡು ತೆಗೆದು ಉಜ್ಜುವುದು, ಮತ್ತೆ ಕೂರಿಸಿ ಸೋಪು ನೀರಿನಲ್ಲಿ ಸೋರಿಕೆ ನೋಡುವುದು, ಇವೆಲ್ಲ ಮನೆಗೆ ಹೋದ ಮೇಲೆ ಕಲಿತವರ ಕೈಯಲ್ಲಿ ಮಾಡಿಸಿ.

ಇನ್ನೊಂದು. ಹಳದಿ ಪುಡಿ ಕಂಡರೆ, ಅಥವಾ ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ, ಫ್ರಿಜ್ ಆಫ್ ಮಾಡಿ ಹಾಗೇ ಬಿಡಿ. ಅದು ಕೂಲಿಂಗ್ ಯೂನಿಟ್ ಸೋರುತ್ತಿರುವ ಗುರುತು. ಅಂಥ ಫ್ರಿಜ್ ಅನ್ನು ಮತ್ತೆ ಹಚ್ಚುವ ಹಾಗಿಲ್ಲ.

ಸಿಲ್ವರ್ಟನ್_ಪ್ರಿಯ | ಜುಲೈ 11, ಮಧ್ಯಾಹ್ನ 12:40

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೊಸಬರು ಹೆದರಬಾರದು, ಅದಕ್ಕೆ ಬರೆಯುತ್ತಿದ್ದೇನೆ. ಹೋದ ವರ್ಷ ನಾವು ಸಿಲ್ವರ್ಟನ್‌ನಲ್ಲಿ ಐದು ದಿನ ಇದ್ದೆವು. 9,318 ಅಡಿ. ಪೂರ್ತಿ ಗ್ಯಾಸ್. ಒಂದು ಸಲವೂ ಆರಲಿಲ್ಲ. ಕೆಳಗಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿತ್ತು, ಅಷ್ಟೇ. ಬರುವಾಗ ರೆಡ್ ಮೌಂಟನ್ ಪಾಸ್, 11,018 ಅಡಿ, ಅದನ್ನೂ ಗ್ಯಾಸ್ ಉರಿಸಿಕೊಂಡೇ ದಾಟಿದೆವು.

ನಾನು ಪ್ರತಿ ಏಪ್ರಿಲ್‌ನಲ್ಲಿ ಬರ್ನರ್ ಕ್ಲೀನ್ ಮಾಡಿಸುತ್ತೇನೆ. ಬೇರೆ ಏನೂ ವಿಶೇಷ ಮಾಡಿಲ್ಲ.

ಉರಿ_ನೀಲಿಯಿರಲಿ | ಜುಲೈ 11, ಮಧ್ಯಾಹ್ನ 12:52

ನಿಮ್ಮ ಅನುಭವ ನಿಜವೇ. ಕೈಪಿಡಿಯಲ್ಲೂ "ಆರಬಹುದು" ಅಂತ ಇದೆ, ಆರುತ್ತದೆ ಅಂತ ಇಲ್ಲ. ಸಮುದ್ರಮಟ್ಟದ ಗಾಳಿಯಲ್ಲಿ ಅರ್ಧ ಮಸಿ ಕಟ್ಟಿದ ಬರ್ನರ್ ಕೂಡ ಹೇಗೋ ಉರಿಯುತ್ತದೆ. ಮೇಲೆ ಬಂದಾಗ ಆ ಸಡಿಲಿಕೆ ಇರುವುದಿಲ್ಲ. ಕೆಳಗೆ ಮುಚ್ಚಿಹೋಗಿದ್ದ ಸಣ್ಣ ದೋಷವೆಲ್ಲ ಮೇಲೆ ಎದ್ದು ಕಾಣುತ್ತದೆ. ನಿಮ್ಮ ಏಪ್ರಿಲ್ ಕ್ಲೀನಿಂಗ್ ಆ ಐದು ದಿನ ಕಾಪಾಡಿದೆ ಅಂತ ನನ್ನ ನಂಬಿಕೆ.

ದಾರಿಯಲ್ಲಿ ಉರಿಸಿಕೊಂಡು ಹೋಗುವವರಿಗೆ ಒಂದು ಮಾತು: ಪೆಟ್ರೋಲ್ ಬಂಕಿಗೆ ತಿರುಗುವ ಮುಂಚೆ ಫ್ರಿಜ್ ಉರಿ ಆಫ್ ಮಾಡಿ. ಇದರಲ್ಲಿ ರಿಯಾಯಿತಿ ಇಲ್ಲ.

ತುಂಗಾ_ತೀರ | ಜುಲೈ 11, ಮಧ್ಯಾಹ್ನ 1:30

ಗಾಡಿ ಮಟ್ಟವಾಗಿ ನಿಂತಿದೆಯಾ ಅಂತ ಯಾರೂ ಕೇಳಲಿಲ್ಲ. ಕಾಡಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನೆಲ ಇಳಿಜಾರು. ಈ ಫ್ರಿಜ್‌ನಲ್ಲಿ ಪಂಪ್ ಇಲ್ಲ, ದ್ರವ ತನ್ನ ಭಾರಕ್ಕೇ ಇಳಿಯಬೇಕು. ಗಾಡಿ ಒಂದು ಕಡೆ ವಾಲಿದರೆ ಅದು ಕೊಳವೆಯ ಬಾಗಿನಲ್ಲಿ ನಿಂತುಬಿಡುತ್ತದೆ. ಕೆಳಗೆ ಉರಿ ಉರಿಯುತ್ತಲೇ ಇರುತ್ತದೆ, ಒಣ ಕೊಳವೆ ಕಾಯುತ್ತದೆ. ಅದು ಶಾಶ್ವತ ಹಾನಿ.

ಸಾಮಾನ್ಯವಾಗಿ ಅಡ್ಡಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿ ಒಳಗೆ ಇರಬೇಕು ಅನ್ನುತ್ತಾರೆ. ನಾನು ಗಾರೆಯವರ ಮಟ್ಟಗೋಲನ್ನೇ ಫ್ರೀಜರ್ ತಳದಲ್ಲಿಟ್ಟು ನೋಡುತ್ತೇನೆ. ಮನುಷ್ಯ ನೆಮ್ಮದಿಯಾಗಿ ನಡೆದಾಡುವಷ್ಟು ಮಟ್ಟ ಇದ್ದರೆ ಫ್ರಿಜ್‌ಗೂ ಸಾಕು.

ನಮ್ಮ ಹಳೆಯ ಗಾಡಿಯ ಫ್ರಿಜ್ ಹೋಗಿದ್ದು ಹೀಗೇ. ಎರಡು ದಿನ ವಾಲಿಸಿ ನಿಲ್ಲಿಸಿದ್ದೆವು, ಗೊತ್ತೇ ಇರಲಿಲ್ಲ. ಕೊಂಡಾಗ ಮಾರಿದವರು ಒಂದು ಮಾತು ಹೇಳಿದ್ದರೆ ಉಳಿಯುತ್ತಿತ್ತು. ಅವರು ಸೋಫಾ, ಟಿವಿ ಎಲ್ಲ ತೋರಿಸಿದರು, ಇದನ್ನು ಹೇಳಲಿಲ್ಲ. ಅದಕ್ಕೇ ಸಿಕ್ಕವರಿಗೆಲ್ಲ ನಾನು ಹೇಳುತ್ತಿರುತ್ತೇನೆ.

ಹಾಸನ_ಡಾಲಸ್ | ಜುಲೈ 11, ಸಂಜೆ 6:50

ಮತ್ತೆ ಊರಿಗೆ ಬಂದೆ, ನಿಮಗೆಲ್ಲ ಹೇಳಲೇಬೇಕು ಅಂತ.

ಮೊದಲು ಇನ್ಸುಲಿನ್. ಫಾರ್ಮಸಿಸ್ಟ್ ಪೊಟ್ಟಣಗಳನ್ನೆಲ್ಲ ನೋಡಿದರು. ಒಂದು ರಾತ್ರಿ 12 ಡಿಗ್ರಿಗೆ ಏನೂ ಆಗಿಲ್ಲ, ಬಳಸಬಹುದು ಅಂದರು. ಈಗ ಐಸ್ ಪೆಟ್ಟಿಗೆಯಲ್ಲಿ ಟವೆಲ್ ಸುತ್ತಿ ಇಟ್ಟಿದ್ದೇವೆ, 5 ಡಿಗ್ರಿ ತೋರಿಸುತ್ತಿದೆ. ಅತ್ತೆ ನನಗಿಂತ ಸಮಾಧಾನವಾಗಿದ್ದಾರೆ.

ಆಮೇಲೆ ಫ್ರಿಜ್. ಜನರೇಟರ್ ಹಾಕಿ ಕರೆಂಟಿನಲ್ಲಿ ಎರಡು ಗಂಟೆ ಓಡಿಸಿದೆ. ಫ್ರೀಜರ್ ರೆಕ್ಕೆ ತಣ್ಣಗೆ ಕೈಗೆ ಅಂಟುವ ಹಾಗಾಯಿತು. ಕೂಲಿಂಗ್ ಯೂನಿಟ್ ಸರಿಯಿದೆ! ಆ ಕ್ಷಣ ಎಷ್ಟು ಹಗುರವಾಯಿತು ಅಂದರೆ ಹೇಳಲು ಆಗುವುದಿಲ್ಲ.

ಆಮೇಲೆ ಎಲ್ಲ ಆಫ್ ಮಾಡಿ, ಸಿಲಿಂಡರ್ ಮುಚ್ಚಿ, ಜಾಲರಿ ಬಾಗಿಲು ತೆಗೆದೆ. ಬರ್ನರ್ ಮೇಲೆ ಒಂದು ಚಮಚದಷ್ಟು ತುಕ್ಕಿನ ಪುಡಿ ಬಿದ್ದಿತ್ತು. ಗಾಳಿ ತೂತಿನ ಬಾಯಿಗೆ ಬಿಳಿ ಬಲೆ. ಬ್ರಷ್‌ನಲ್ಲಿ ಎಲ್ಲ ತೆಗೆದೆ. ಹಳದಿ ಪುಡಿ ಇಲ್ಲ, ವಾಸನೆ ಇಲ್ಲ. ತುಂಗಾ ಅಕ್ಕ ಹೇಳಿದ ಹಾಗೆ ಮಟ್ಟ ನೋಡಿದೆ. ಎಡಕ್ಕೆ ಸ್ವಲ್ಪ ವಾಲಿತ್ತು, ಹಲಗೆ ಕೊಟ್ಟು ಸರಿ ಮಾಡಿದೆ.

ಮತ್ತೆ ಗ್ಯಾಸಿನಲ್ಲಿ ಹಚ್ಚಿ ಫೋನಿನಲ್ಲಿ ವಿಡಿಯೊ ತೆಗೆದೆ. ಉರಿ ನೀಲಿ, ತುದಿಯಲ್ಲಿ ಮಾತ್ರ ಸ್ವಲ್ಪ ಹಳದಿ. ಸ್ವಲ್ಪ ಹೊತ್ತು ಆರದೆ ಉರಿಯಿತು. ಆಮೇಲೆ ಬೆಟ್ಟದ ಕಡೆಯಿಂದ ಜೋರು ಗಾಳಿ, ಮೋಡ, ಮಳೆ. ಆಗ ಆರಿತು. ಮತ್ತೆ ಹಚ್ಚಿದೆ, ಹತ್ತಿತು.

ಬೆಟ್ಟದ_ದಾರಿ | ಜುಲೈ 11, ಸಂಜೆ 7:15

ಬಹಳ ಸಂತೋಷ. ಇಲ್ಲಿ ಜುಲೈ ಮಧ್ಯಾಹ್ನದ ಗಾಳಿಮಳೆ ದಿನವೂ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಸಾಧ್ಯವಾದರೆ ಫ್ರಿಜ್ ಇರುವ ಗೋಡೆ ಗಾಳಿಗೆ ಎದುರಾಗದ ಹಾಗೆ ಗಾಡಿ ತಿರುಗಿಸಿ ನಿಲ್ಲಿಸಿ. ಜಾಲರಿಯನ್ನು ಮಾತ್ರ ಬಟ್ಟೆ, ರಟ್ಟು ಇಟ್ಟು ಮುಚ್ಚಬೇಡಿ. ಉರಿಗೆ ಬೇಕಾದ ಗಾಳಿ ಅಲ್ಲಿಂದಲೇ ಹೋಗಬೇಕು.

ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಜನರೇಟರ್‌ನಲ್ಲಿ ಓಡಿಸಿ ಚೆನ್ನಾಗಿ ತಣಿಸಿಕೊಳ್ಳಿ, ರಾತ್ರಿ ಗ್ಯಾಸಿಗೆ ಬಿಡಿ. ಈ ಫ್ರಿಜ್‌ಗಳು ನಿಧಾನ. ಖಾಲಿ ಇರುವಾಗ ತಣ್ಣಗಾಗಲು ಅರ್ಧ ದಿನವಾದರೂ ಬೇಕು, ಬಿಸಿ ಸಾರಿನ ಪಾತ್ರೆ ಇಟ್ಟರೆ ಮತ್ತೆ ಅಷ್ಟೇ ಹೊತ್ತು. ಮುಂದಿನ ಸಲ ಮನೆಯಲ್ಲೇ ಕರೆಂಟಿನಲ್ಲಿ ಒಂದು ದಿನ ಮೊದಲು ಹಾಕಿ, ತಣ್ಣಗಿರುವುದನ್ನೇ ತುಂಬಿಸಿ.

ಕೊಡಗು_ಸ್ಯಾನ್‌ಹೊಸೆ | ಜುಲೈ 11, ರಾತ್ರಿ 8:05

ನಾನು ಎರಡು ವರ್ಷದ ಹಿಂದೆ ಈ ತಲೆನೋವು ಬೇಡ ಅಂತ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಹಾಕಿಸಿದೆ. ಯೊಸೆಮಿಟಿಯ ಟಿಯೋಗಾ ಪಾಸ್, 9,900 ಅಡಿ ದಾಟಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಉರಿ ಇಲ್ಲ, ಮಟ್ಟದ ಚಿಂತೆ ಇಲ್ಲ. ನನ್ನದು ದಿನಕ್ಕೆ 60ರಿಂದ 70 ಆಂಪ್-ಅವರ್ ಎಳೆಯುತ್ತದೆ. 200 ಆಂಪ್-ಅವರ್ ಲಿಥಿಯಂ ಬ್ಯಾಟರಿ, ಮೇಲೆ 400 ವ್ಯಾಟ್ ಸೋಲಾರ್. ಬಿಸಿಲಿದ್ದರೆ ಸಂಜೆಗೆ ಬ್ಯಾಟರಿ ಮತ್ತೆ ತುಂಬಿರುತ್ತದೆ. ಇನ್ಸುಲಿನ್ ಇಡುವವರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಉರಿ_ನೀಲಿಯಿರಲಿ | ಜುಲೈ 11, ರಾತ್ರಿ 8:30

ಹೊಸದಾಗಿ ಕೊಳ್ಳುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಸರಿಯಿರುವ ಫ್ರಿಜ್ ಕಿತ್ತು ಹಾಕಿ, ಜೊತೆಗೆ ಬ್ಯಾಟರಿ, ಸೋಲಾರ್ ಖರ್ಚು ಹೊತ್ತುಕೊಳ್ಳುವ ಅಗತ್ಯ ಹಾಸನದವರಿಗೆ ಈಗ ಕಾಣುತ್ತಿಲ್ಲ. ಮರದ ನೆರಳಲ್ಲಿ ನಾಲ್ಕು ದಿನ ಮೋಡ ಕವಿದು ನಿಂತರೆ ಗ್ಯಾಸ್ ಫ್ರಿಜ್‌ನ ಬೆಲೆ ಗೊತ್ತಾಗುತ್ತದೆ. 20 ಪೌಂಡಿನ ಒಂದು ಸಿಲಿಂಡರ್ ಫ್ರಿಜ್ ಒಂದಕ್ಕೇ ಆದರೆ ಹತ್ತು ದಿನಕ್ಕೂ ಮೀರಿ ಬರುತ್ತದೆ.

ಇನ್ಸುಲಿನ್‌ಗೆ ಮಾತ್ರ ಒಂದು ಪುಟ್ಟ 12 ವೋಲ್ಟ್ ಕಂಪ್ರೆಸರ್ ಪೆಟ್ಟಿಗೆ ಬೇರೆಯಾಗಿ ಇಟ್ಟುಕೊಳ್ಳುವುದು ನಡುದಾರಿ. ಅದನ್ನು ಮಾತ್ರ ಖಂಡಿತ ಮಾಡಿ.

ಬೆಂಗಳೂರು_ಲೇಹ್ | ಜುಲೈ 12, ಬೆಳಿಗ್ಗೆ 5:45

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಾವು ವ್ಯಾನ್ ಒಂದನ್ನು ಕ್ಯಾಂಪರ್ ಮಾಡಿಸಿ ಲಡಾಖ್‌ಗೆ ಹೋಗುವ ಯೋಚನೆಯಲ್ಲಿದ್ದೇವೆ. ಗ್ಯಾಸ್ ಫ್ರಿಜ್ ತರಿಸೋಣ ಅಂದುಕೊಂಡಿದ್ದೆ. ಲೇಹ್ ಊರೇ 11,500 ಅಡಿ ಅಲ್ವಾ? ಇದನ್ನೆಲ್ಲ ಓದಿ ಯೋಚನೆಗೆ ಬಿತ್ತು.

ಉರಿ_ನೀಲಿಯಿರಲಿ | ಜುಲೈ 12, ಬೆಳಿಗ್ಗೆ 7:10

ನಿಮ್ಮ ದಾರಿಗೆ ಗ್ಯಾಸ್ ಫ್ರಿಜ್ ಬೇಡ. ಲೇಹ್ 11,500 ಅಡಿ, ಖರ್ದುಂಗ್ ಲಾ 17,500 ಅಡಿ ದಾಟುತ್ತದೆ. ಉರಿಯ ಕಷ್ಟ ಇಲ್ಲಿಗಿಂತ ಜಾಸ್ತಿ. ಇನ್ನೊಂದು ಕಷ್ಟವೂ ಇದೆ. ಅಮೆರಿಕದ ಆರ್‌ವಿ ಸಿಲಿಂಡರ್‌ನಲ್ಲಿ ಇರುವುದು ಬಹುಪಾಲು ಪ್ರೊಪೇನ್, ಅದು ಮೈನಸ್ 42 ಡಿಗ್ರಿಯಲ್ಲೂ ಕುದಿಯುತ್ತದೆ. ನಮ್ಮ ದೇಶದ ಅಡುಗೆ ಸಿಲಿಂಡರ್‌ನಲ್ಲಿ ಬ್ಯೂಟೇನ್ ಕೂಡ ಬೆರೆತಿರುತ್ತದೆ. ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿ ಹತ್ತಿರ. ಚಳಿ ರಾತ್ರಿಯಲ್ಲಿ ಅದು ಸಿಲಿಂಡರ್ ತಳದಲ್ಲೇ ದ್ರವವಾಗಿ ಉಳಿದುಬಿಡುತ್ತದೆ. ಸಿಲಿಂಡರ್ ಅಲ್ಲಾಡಿಸಿದರೆ ಗ್ಯಾಸ್ ಇದೆ, ಒಲೆಗೆ ಮಾತ್ರ ಬರುವುದಿಲ್ಲ. ಲಡಾಖ್‌ನಲ್ಲಿ ಬಿಸಿಲು ಧಾರಾಳ. ಕಂಪ್ರೆಸರ್ ಫ್ರಿಜ್, ಸೋಲಾರ್ ಹಾಕಿಸಿ.

ಹಾಸನ_ಡಾಲಸ್ | ಜುಲೈ 14, ರಾತ್ರಿ 9:20

ಎರಡು ದಿನದ ಲೆಕ್ಕ ಕೊಡುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾಗಲಿ ಅಂತ ಬರೆದಿಟ್ಟಿದ್ದೇನೆ. ಫ್ರಿಜ್ ಒಳಗೆ, ಮಧ್ಯದ ತಟ್ಟೆಯಲ್ಲಿ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ್ದು.

12ನೇ ತಾರೀಖು ಬೆಳಿಗ್ಗೆ, ರಾತ್ರಿಯೆಲ್ಲ ಗ್ಯಾಸಿನಲ್ಲಿ ಓಡಿದ ಮೇಲೆ 6 ಡಿಗ್ರಿ. ಎರಡು ಗಂಟೆ ಜನರೇಟರ್ ಹಾಕಿದ ಮೇಲೆ 5. ಮಧ್ಯಾಹ್ನ ಗಾಳಿಗೆ ಒಂದು ಸಲ ಆರಿತು, ಮೊಬೈಲ್‌ನಲ್ಲಿ ಒಂದೊಂದು ಗಂಟೆಗೆ ಅಲಾರಂ ಇಟ್ಟಿದ್ದೆ, ಹಾಗಾಗಿ ಬೇಗ ಗೊತ್ತಾಯಿತು. 13ರ ಬೆಳಿಗ್ಗೆ ಮತ್ತೆ 5. ಹಾಲಿಗೆ 4 ಡಿಗ್ರಿ ಒಳಗಿರಬೇಕು ಅಂತ ಓದಿದ್ದರಿಂದ ಹಾಲನ್ನೂ ಐಸ್ ಪೆಟ್ಟಿಗೆಗೇ ಹಾಕಿದೆವು. ತರಕಾರಿ, ಉಪ್ಪಿನಕಾಯಿ, ಬೆಣ್ಣೆ, ಚಟ್ನಿಪುಡಿ ಫ್ರಿಜ್‌ನಲ್ಲಿ ಉಳಿದವು.

ನಿನ್ನೆ ಮಧ್ಯಾಹ್ನ ಬ್ಯೂನ ವಿಸ್ಟಾಕ್ಕೆ ಇಳಿದೆವು. ಸುಮಾರು 8,000 ಅಡಿ, ಕರೆಂಟ್ ಹುಕಪ್ ಇರುವ ಪಾರ್ಕ್. ಇವತ್ತು ಬೆಳಿಗ್ಗೆ 3 ಡಿಗ್ರಿ. ಕುತೂಹಲಕ್ಕೆ ಮಧ್ಯಾಹ್ನ ಮೂರು ಗಂಟೆ ಗ್ಯಾಸಿಗೆ ತಿರುಗಿಸಿ ನೋಡಿದೆ. ಆರಲಿಲ್ಲ, ಉರಿಯ ತುದಿಯ ಹಳದಿಯೂ ಲೆಡ್‌ವಿಲ್‌ನಲ್ಲಿ ಇದ್ದಷ್ಟು ಇರಲಿಲ್ಲ.

ಅತ್ತೆ ಇವತ್ತು ಕುಕ್ಕರ್‌ನಲ್ಲಿ ಅನ್ನ ಮಾಡಿ, ಹೊಸ ಹಾಲಿಗೆ ಹೆಪ್ಪು ಹಾಕಿದ್ದಾರೆ. ರಾತ್ರಿ ಚಳಿ ಇರುವುದರಿಂದ ಪಾತ್ರೆಗೆ ಶಾಲು ಸುತ್ತಿ ಮೂಲೆಯಲ್ಲಿಟ್ಟಿದ್ದಾರೆ. ಗಟ್ಟಿಯಾದ ಮೇಲೆ ಫ್ರಿಜ್‌ಗೆ ಹೋಗುತ್ತದೆ.

ಒಂದು ಕೊನೆಯ ಪ್ರಶ್ನೆ. ಡಾಲಸ್‌ಗೆ ಹೋದ ಮೇಲೆ ಸರ್ವಿಸ್‌ಗೆ ಕೊಡುವಾಗ ಏನೇನು ಮಾಡಿಸಲಿ?

ಉರಿ_ನೀಲಿಯಿರಲಿ | ಜುಲೈ 14, ರಾತ್ರಿ 9:48

ಚೀಟಿಯಲ್ಲಿ ಹೀಗೆ ಬರೆದು ಕೊಡಿ: ಸುರುಳಿ ತಗಡು ತೆಗೆದು ಚಿಮಣಿ ಉಜ್ಜಬೇಕು. ಜೆಟ್ ತೆಗೆದು ಆಲ್ಕೋಹಾಲ್‌ನಲ್ಲಿ ತೊಳೆಯಬೇಕು, ಸವೆದಿದ್ದರೆ ಅದೇ ನಂಬರಿನ ಹೊಸದು ಹಾಕಬೇಕು. ಕಿಡಿ ಕಡ್ಡಿಯ ಅಂತರ ನೋಡಬೇಕು. ಒತ್ತಡ ಮ್ಯಾನೊಮೀಟರ್‌ನಲ್ಲಿ 11 ಇಂಚು ಇದೆಯಾ ಅಳೆಯಬೇಕು. ಸೋರಿಕೆ ಪರೀಕ್ಷೆ ಮಾಡಬೇಕು. ಜೊತೆಗೆ ಫ್ರಿಜ್ ಹಿಂಭಾಗ ಮತ್ತು ಗಾಡಿಯ ಒಳಭಾಗದ ನಡುವೆ ಸಂದು ಇಲ್ಲದ ಹಾಗೆ ಮುಚ್ಚಿದೆಯಾ ಅಂತ ಟಾರ್ಚ್ ಹಿಡಿದು ನೋಡಲು ಹೇಳಿ, ಉರಿಯ ಹೊಗೆ ಒಳಗೆ ಬರಬಾರದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮೇಲೆ ತಯಾರಾದ ದಿನ ಇರುತ್ತದೆ. ಅದರ ಅವಧಿ ಮುಗಿದಿದ್ದರೆ ಅದನ್ನು ಮೊದಲು ಬದಲಾಯಿಸಿ.

ಮಾಡಿದವರ ಹತ್ತಿರ ಹಳೆಯ ಜೆಟ್ ಕೇಳಿ ಇಸ್ಕೊಳ್ಳಿ, ನಂಬರ್ ಹೋಲಿಸಬಹುದು.

ಹಾಸನ_ಡಾಲಸ್ | ಜುಲೈ 14, ರಾತ್ರಿ 9:55

ಚೀಟಿ ಬರೆದುಕೊಂಡೆ. ಅಲಾರಂ ಈಗಲೇ ತೆಗೆದು ನೋಡಿದೆ, ಒಂಬತ್ತು ವರ್ಷ ಹಳೆಯದು. ನಾಳೆ ಬೆಳಿಗ್ಗೆ ಇಲ್ಲೇ ಅಂಗಡಿಯಲ್ಲಿ ಹೊಸದು ತರುತ್ತೇನೆ.